ಎದುರು ಮನೆ ಅಂಕಲ್ ಕಟ್ಟಿದ ಕಾರು

ಕಳೆದ ಶನಿವಾರ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಅಡುಗೆಮನೆಯ ಕಿಟಕಿ ತೆರೆದಿತ್ತು. ಇಂಗಿನ ಘಮವನ್ನು ತಳ್ಳಿಕೊಂಡು ಇನ್ನೊಂದು ವಾಸನೆ ಒಳಗೆ ಬಂತು. ಮೂಗಿನ ಬುಡಕ್ಕೆ ಚುಚ್ಚುವ, ತಲೆ ಹಿಡಿಸುವ ಫೈಬರ್‌ಗ್ಲಾಸ್ ಅಂಟಿನ ವಾಸನೆ. ಬಗ್ಗಿ ನೋಡಿದರೆ, ಎದುರು ಮನೆಗೆ ಹೊಸದಾಗಿ ಬಂದವನು ತನ್ನ ಮೀನು ಹಿಡಿಯುವ ದೋಣಿಯನ್ನು ಡ್ರೈವ್‌ವೇಯಲ್ಲಿ ಬೋರಲು ಹಾಕಿಕೊಂಡು ತೂತು ಮುಚ್ಚುತ್ತಿದ್ದ. ಅವನ ತಪ್ಪೇನೂ ಇಲ್ಲ, ಅವನ ಮನೆ, ಅವನ ದೋಣಿ. ಆದರೆ ನನಗೆ ಸಿಟ್ಟು ಬಂತು. ಆ ಮನೆಯ ಮುಂದೆ ಆ ವಾಸನೆ ಏಳಿಸುವ ಹಕ್ಕು ಒಬ್ಬರಿಗೇ ಇದ್ದದ್ದು ಎಂದು ಯಾಕೋ ಅನ್ನಿಸಿಬಿಟ್ಟಿತು. ಸಾಸಿವೆ ಸೀದು ಹೋಯಿತು.

ನಾವು ಫಾರ್ಮಿಂಗ್ಟನ್ ಹಿಲ್ಸ್‌ಗೆ ಬಂದಾಗ ಎದುರು ಮನೆಯಲ್ಲಿ ಕನ್ನಡದವರಿದ್ದಾರೆ ಎಂದು ಗೊತ್ತಾಗಿ ನಾನು ಕುಣಿದಾಡಿದ್ದೆ. ಅವರು ಗದಗಿನ ಕಡೆಯವರು, ನಾನು ಮೈಸೂರಿನವಳು. ಮೊದಲ ತಿಂಗಳು ಅವರ ಅರ್ಧ ಮಾತು ನನಗೆ ಅರ್ಥವಾಗಲಿಲ್ಲ, ನನ್ನ ಮಾತು ಅವರಿಗೆ ತೀರಾ ಸಪ್ಪೆ ಅನ್ನಿಸುತ್ತಿತ್ತಂತೆ. ಆಂಟಿ ಕಟಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕೊಟ್ಟು ಆ ತೊಡಕನ್ನು ನಿವಾರಿಸಿದರು. ಅಂಕಲ್ ಕಾರು ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದು ರಿಟೈರ್ ಆದವರು. ಎಂಥಾ ಎಂಜಿನಿಯರ್ ಎಂದು ಕೇಳಿದಾಗ ಅವರು ನಕ್ಕಿದ್ದರು. ನೌಕರಿಗೆ ಸೇರಿದ ದಿನದಿಂದ ಬಿಡುವ ದಿನದವರೆಗೆ ಅವರು ಮಾಡಿದ್ದು ಒಂದೇ, ಬಾಗಿಲಿನ ಲಾಕು. ಕಾರು ಕಂಪನಿಗಳೇ ತುಂಬಿದ ಈ ಊರಿನಲ್ಲಿ ಎಲ್ಲರೂ ಹಾಗೆಯೇ. ಒಬ್ಬ ವೈಪರ್ ಮಾಡುತ್ತಾನೆ, ಒಬ್ಬ ಸೀಟಿನ ಕೆಳಗಿನ ಹಳಿ ಮಾಡುತ್ತಾನೆ. ಪೂರ್ತಿ ಕಾರು ಯಾರೂ ಮಾಡುವುದಿಲ್ಲ.

ಕಣ್ಣಿನ ಡಾಕ್ಟರು ಅವರಿಗೆ ಆ ಮಾತು ಹೇಳಿದ್ದು ಒಂದು ಚಳಿಗಾಲದಲ್ಲಿ. ದೃಷ್ಟಿಯ ನಡುಭಾಗ ನಿಧಾನವಾಗಿ ಅಳಿಸಿಹೋಗುತ್ತದೆ, ಇಂಜೆಕ್ಷನ್‌ನಿಂದ ತಡ ಮಾಡಬಹುದೇ ಹೊರತು ನಿಲ್ಲಿಸಲಾಗದು ಎಂದರಂತೆ. ಆಚೀಚೆಯದೆಲ್ಲ ಕಾಣುತ್ತದೆ, ನೆಟ್ಟಗೆ ನೋಡಿದ್ದೇ ಕಾಣುವುದಿಲ್ಲ. ಎಂಥಾ ಹಾಳು ರೋಗ ನೋಡಿ. ಮುಂದಿನ ಸಲ ಲೈಸೆನ್ಸ್ ರಿನ್ಯೂ ಮಾಡಿಸುವಾಗ ಕಣ್ಣಿನ ಟೆಸ್ಟ್ ಇತ್ತು. ಅಲ್ಲಿಯವರೆಗೆ ಮಾತ್ರ ಅವರು ಡ್ರೈವ್ ಮಾಡಬಹುದಿತ್ತು, ಆಮೇಲೆ ಬಹುಶಃ ಇಲ್ಲ. ಈ ಊರಿನಲ್ಲಿ ಬಸ್ಸು ಇದ್ದೂ ಇಲ್ಲದ ಹಾಗೆ, ಒಂದು ಕಟ್ಟು ಕೊತ್ತಂಬರಿ ಸೊಪ್ಪಿಗೂ ಕಾರು ತೆಗೆಯಬೇಕು. ಬೇರೆಯವರಾದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಅಂಕಲ್ ಒಂದು ಕಾರಿನ ಕಿಟ್ ಆರ್ಡರ್ ಮಾಡಿದರು.

ಕಿಟ್ ಎಂದರೆ ಮನೆಯಲ್ಲೇ ಜೋಡಿಸಿಕೊಳ್ಳುವ ಕಾರು. ಚೌಕಟ್ಟು, ಫೈಬರ್‌ಗ್ಲಾಸಿನ ಮೈ, ಡಬ್ಬಗಟ್ಟಲೆ ಬೋಲ್ಟು, ವೈರು ಎಲ್ಲ ಲಾರಿಯಲ್ಲಿ ಬಂದಿಳಿಯುತ್ತದೆ. ಎಂಜಿನ್ನು, ಗೇರುಪೆಟ್ಟಿಗೆ ಮಾತ್ರ ನಾವೇ ಹುಡುಕಿಕೊಳ್ಳಬೇಕು. ಎರಡೇ ಸೀಟು, ಮೇಲೆ ಮುಚ್ಚಳವಿಲ್ಲ. ಗ್ಯಾರೇಜಿನಲ್ಲಿ ಅದನ್ನೆಲ್ಲ ಹರಡಿಕೊಂಡು ಕೂತವರನ್ನು ನೋಡಿ ಆಂಟಿ ನನ್ನೆದುರು ಹಣೆ ಚಚ್ಚಿಕೊಂಡಿದ್ದರು. ಕಣ್ಣು ಹೊರಟಿವೆ ಎಂದರೆ ದೇವರ ಕಡೆ ಹೋಗುವುದು ಬಿಟ್ಟು ಗ್ಯಾರೇಜಿಗೆ ಹೋಗಿದ್ದಾರಲ್ಲ ಎಂದು ಅವರ ಗೋಳು. ನಾನೂ ಸುಮ್ಮನಿರದೆ, ಇದು ಓಡುತ್ತಾ ಅಂಕಲ್, ಇಲ್ಲ ತಳ್ಳಿಕೊಂಡು ಹೋಗಬೇಕಾ ಎಂದು ಕೀಟಲೆ ಮಾಡಿದೆ.

ಅವರು ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಹೇಳಿದ್ದು ಈಗಲೂ ಕಿವಿಯಲ್ಲಿದೆ. "ಜೀವಮಾನ ಎಲ್ಲಾ ಬಾಗಲದ ಲಾಕ ಮಾಡೇನವಾ. ಒಂದ ಪೂರಾ ಗಾಡಿ ಮಾಡಿ, ನಂಬರ್ ಹಚ್ಚಿ, ನಾನ ರೋಡಿನ ಮ್ಯಾಲ ಹೊಡೀಬೇಕು. ಕಣ್ಣ ಇರೂದ್ರಾಗ."

ಎಂಜಿನ್ನು ಸಿಕ್ಕಿದ್ದು ಒಬ್ಬ ಡಾಕ್ಟರಿಂದ. ಅವರು ವಿಜಯಪುರದವರು, ಆಗ ಸೌತ್‌ಫೀಲ್ಡ್‌ನಲ್ಲಿದ್ದರು, ಅಂಕಲ್‌ಗೆ ಜೀವದ ಗೆಳೆಯರು. ಈದ್‌ಗೆ ಇವರು ಅವರ ಮನೆಗೆ, ಸಂಕ್ರಾಂತಿಗೆ ಅವರು ಇವರ ಮನೆಗೆ. ಅವರ ಗ್ಯಾರೇಜಿನಲ್ಲಿ ಮುಂಭಾಗ ಜಜ್ಜಿಹೋದ ಹಳೆಯ ಸಣ್ಣ ಕಾರೊಂದು ಬಿದ್ದಿತ್ತು, ಎಂಜಿನ್ನು ಮಾತ್ರ ಗುಂಡುಕಲ್ಲಿನ ಹಾಗಿತ್ತು. ತಗೊಂಡು ಹೋಗಿ ಎಂದು ಡಾಕ್ಟರು ಕೊಟ್ಟೇಬಿಟ್ಟರು. ಅಂಕಲ್ ದುಡ್ಡಿನ ಮಾತೆತ್ತಿದ್ದಕ್ಕೆ ಎರಡು ದಿನ ಫೋನು ಎತ್ತಲಿಲ್ಲವಂತೆ. ಕೊನೆಗೆ ಆಂಟಿ ಒಂದು ಡಬ್ಬಿ ಕರದಂಟು ಕಳಿಸಿ ರಾಜಿ ಮಾಡಿಸಿದರು. ಕೊಟ್ಟದ್ದಕ್ಕೂ ಇಸಿದುಕೊಂಡದ್ದಕ್ಕೂ ಒಂದು ಚೀಟಿ ಇಲ್ಲ. ದಾನಕ್ಕೆ ಕೊಟ್ಟ ಆಕಳ ಹಲ್ಲು ಹಿಡಿದು ನೋಡುತ್ತಾರೆಯೇ... ನಮ್ಮವರ ಹತ್ತಿರ ರಸೀದಿ ಕೇಳುವುದೆಂದರೆ ಮುಖಕ್ಕೆ ಹೊಡೆದಂತೆ. ಎಂಜಿನ್ನು, ಗೇರುಪೆಟ್ಟಿಗೆ ಬಿಚ್ಚಿಕೊಂಡು ಮಿಕ್ಕ ದೇಹವನ್ನು ಅಂಕಲ್ ಗುಜರಿಗೆ ಹಾಕಿದರು.

ಆಮೇಲಿನ ದಿನಗಳು ಚೆನ್ನಾಗಿದ್ದವು. ನಿಜ ಹೇಳಬೇಕೆಂದರೆ, ಆ ಬೀದಿಯಲ್ಲಿ ನಾನು ಕಂಡ ಅತಿ ಒಳ್ಳೆಯ ದಿನಗಳು ಅವೇ. ನಾನು ಆಫೀಸಿನಿಂದ ಬಂದು ಕಾಫಿ ಲೋಟ ಹಿಡಿದು ಅವರ ಗ್ಯಾರೇಜಿಗೆ ಹೋಗಿ ಒಂದು ಬಕೆಟ್ ಬೋರಲು ಹಾಕಿ ಕೂರುತ್ತಿದ್ದೆ. ಅವರು ನೆಟ್ಟಗೆ ನೋಡುವುದನ್ನು ಬಿಟ್ಟು ಕತ್ತು ವಾರೆ ಮಾಡಿ, ಕಣ್ಣಿನ ಅಂಚಿನಿಂದ ನೋಡುತ್ತಾ ಬೋಲ್ಟು ಬಿಗಿಯುತ್ತಿದ್ದರು, ಫೈಬರ್‌ಗ್ಲಾಸಿನ ಮೈಗೆ ಅಂಟು ಹಚ್ಚುತ್ತಿದ್ದರು, ಆ ವಾಸನೆ ನಮ್ಮ ಅಡುಗೆಮನೆಯವರೆಗೂ ಬರುತ್ತಿತ್ತು. ಬರಬರುತ್ತ ನೋಡುವುದಕ್ಕಿಂತ ಸವರಿ ನೋಡುವುದೇ ಹೆಚ್ಚಾಯಿತು. ಪ್ರತಿ ಅಮಾವಾಸ್ಯೆಗೆ ಆ ಅರೆಬರೆ ಅಸ್ಥಿಪಂಜರಕ್ಕೆ ಕುಂಕುಮ ಹಚ್ಚಿ ಕಾಯಿ ಒಡೆಯುತ್ತಿದ್ದರು. ನಮ್ಮ ಕಡೆ ಅಮಾವಾಸ್ಯೆ ದಿನ ಹೊಸ ಸೀರೆ ಕೂಡ ಉಡುವುದಿಲ್ಲ ಅಂಕಲ್ ಎಂದರೆ, ಅದಕ್ಕೇ ನಿಮ್ಮ ಕಡೆಯ ಗಾಡಿಗಳು ದಾರಿಯಲ್ಲಿ ನಿಲ್ಲುತ್ತವೆ ಎನ್ನುತ್ತಿದ್ದರು.

ಎಂಜಿನ್ನು ಮೊದಲ ಸಲ ಹತ್ತಿದಾಗ ಆಂಟಿ ಬರಿಗಾಲಲ್ಲಿ ಓಡಿ ಬಂದರು. ಅಂಕಲ್ ಡ್ರೈವ್‌ವೇಯಲ್ಲಿ ಅದನ್ನು ಹಿಂದೆ ಮುಂದೆ ಓಡಿಸಿದರು, ಗೇಣು ಜಾಗದಲ್ಲಿ. ರಸ್ತೆಗೆ ಇಳಿಸಲಿಲ್ಲ. ಬೆಳಗಿನ ಹೊತ್ತು ಯಾರೂ ಇರುವುದಿಲ್ಲ, ನಮ್ಮ ಬಡಾವಣೆಯ ಒಳಗೇ ಒಂದು ರೌಂಡ್ ಹೊಡೆದು ಬನ್ನಿ ಎಂದು ನಾನೇ ಪುಸಲಾಯಿಸಿದೆ. ನಂಬರ್ ಪ್ಲೇಟಿಲ್ಲದೆ ಆಗುವುದಿಲ್ಲವೆಂದರು. "ಕಳ್ಳರಂಗ ಹೊಡೀಲಿಕ್ಕೆ ಕಟ್ಟಿಲ್ಲವಾ ಇದನ್ನ." ಆ ಮನುಷ್ಯನ ಹಟದ ಮೇಲೆ ನನಗೆ ಇವತ್ತಿಗೂ ಕೋಪವಿದೆ. ಆ ದಿನ ಅವರಿಗೆ ಕಾಣುತ್ತಿತ್ತು. ಆ ದಿನ ಲೈಸೆನ್ಸ್ ಅವರ ಜೇಬಿನಲ್ಲೇ ಇತ್ತು.

ಮನೆಯಲ್ಲಿ ಕಟ್ಟಿದ ಕಾರಿಗೆ ನಂಬರ್ ಬೇಕೆಂದರೆ ಅದಕ್ಕೆಂದೇ ತರಬೇತಿ ಪಡೆದ ಪೊಲೀಸಿನವರು ಬಂದು ನೋಡಬೇಕು. ದೀಪ, ಹಾರ್ನು, ವೈಪರ್ ಇವೆಯೇ ಎನ್ನುವುದು ಒಂದು. ಒಂದೊಂದು ಮುಖ್ಯ ಭಾಗವೂ ಎಲ್ಲಿಂದ ಬಂತು, ಕದ್ದ ಮಾಲಲ್ಲ ತಾನೇ ಎನ್ನುವುದು ಇನ್ನೊಂದು. ಬಂದ ಆಫೀಸರು ಒಳ್ಳೆಯವನು, ಎತ್ತರದ ಆಳು. ಬಾಗಿಲನ್ನು ತೆಗೆದು ಮುಚ್ಚಿ, ಇಷ್ಟು ಮೆತ್ತಗೆ ಕೂರುವ ಬಾಗಿಲನ್ನು ಮನೆಯಲ್ಲಿ ಕಟ್ಟಿದ ಕಾರಿನಲ್ಲಿ ನೋಡಿಲ್ಲವೆಂದು ಹೊಗಳಿದ. ಅಂಕಲ್ ಮುಖ ಅರಳಿತು. ಆಮೇಲೆ ಅವನು ಎಂಜಿನ್ನಿನ ಕಾಗದ ಕೇಳಿದ.

ಯಾರು ಕೊಟ್ಟರು? ಗೆಳೆಯ. ಅವರ ಕಾರೇ? ಅವರ ಅಣ್ಣನದು. ಅಣ್ಣ ಎಲ್ಲಿ? ವಿಜಯಪುರಕ್ಕೆ ವಾಪಸ್ ಹೋಗಿ ತೀರಿಕೊಂಡರು. ಆ ಕಾರಿನ ಮಿಕ್ಕ ಭಾಗ? ಗುಜರಿಗೆ ಹೋಯಿತು. ಪಕ್ಕದಲ್ಲಿ ನಿಂತಿದ್ದ ನನಗೇ, ಇದು ಕದ್ದ ಎಂಜಿನ್ನೇ ಇರಬೇಕು ಅನ್ನಿಸುವಂತಿತ್ತು ಆ ಉತ್ತರ. ಆಫೀಸರು ಬೇಸರದಿಂದಲೇ ಹೇಳಿದ, ಮಾಲೀಕರ ಕಡೆಯಿಂದ ಕಾಗದ ಬರಲಿ, ನಾನೇ ಮತ್ತೆ ಬರುತ್ತೇನೆ ಎಂದು. ಅವನು ಹೋದ ಮೇಲೆ ಅಂಕಲ್ ಬಾನೆಟ್ ಮುಚ್ಚಿದರು. "ಅಣ್ಣಾ-ತಮ್ಮಾರ ನಡುವ ಕಾಗದಾ ಕೇಳಬೇಕಿತ್ತೇನ ನಾನು?" ಎಂದಷ್ಟೇ ಕೇಳಿದರು. ಅಣ್ಣನ ಕಾರನ್ನು ತಮ್ಮ ಕೊಟ್ಟರೆ ಅದರಲ್ಲಿ ತಪ್ಪು ಹುಡುಕಲು ನಮ್ಮಲ್ಲಿ ಯಾರಿಗೆ ತಾನೇ ಹೊಳೆಯುತ್ತದೆ? ಡಾಕ್ಟರಿಗೂ ಹೊಳೆದಿರಲಿಲ್ಲ.

ಬೇರೆ ಎಂಜಿನ್ನು ರಸೀದಿ ಸಮೇತ ಕೊಂಡು ಕೂರಿಸಿ ಎಂದೆ. ಅವರು ನನ್ನ ಕೈ ಹಿಡಿದು ಎಂಜಿನ್ನಿನ ಬುಡದಲ್ಲಿ ಸವರಿಸಿದರು. ಎಂಜಿನ್ನನ್ನು ಚೌಕಟ್ಟಿಗೆ ಕೂರಿಸುವ ಕಬ್ಬಿಣದ ಕಾಲುಗಳನ್ನು ಅದೇ ಎಂಜಿನ್ನಿನ ಅಳತೆಗೆ ಅವರೇ ಕೊರೆದು ಬೆಸುಗೆ ಹಾಕಿದ್ದು. ಬೇರೆಯದಕ್ಕೆ ಎಲ್ಲ ಕಿತ್ತು ಮತ್ತೆ ಮಾಡಬೇಕು, ಬೆಸುಗೆಯ ಗೆರೆ ಈಗ ನನಗೆ ಕಾಣುವುದಿಲ್ಲ ಎಂದರು. ಬೇರೆಯವರ ಕೈಯಲ್ಲಿ ಮಾಡಿಸಲು ಅವರು ಒಪ್ಪಲಿಲ್ಲ.

ಡಾಕ್ಟರು ಅಷ್ಟರಲ್ಲಿ ಇಲಿನಾಯ್‌ನ ಪ್ಲೇನ್‌ಫೀಲ್ಡ್‌ಗೆ ಮನೆ ಬದಲಿಸಿದ್ದರು. ಪಾಪ, ಆ ಮನುಷ್ಯ ಕೈಚೆಲ್ಲಿ ಕೂರಲಿಲ್ಲ. ವಿಜಯಪುರದಲ್ಲಿದ್ದ ಅತ್ತಿಗೆಗೆ ಫೋನು ಮಾಡಿ, ಅಲ್ಲಿಂದ ವಾರಸುದಾರರ ಕಾಗದ ಮಾಡಿಸಿ, ಇಲ್ಲಿಯ ವಾಹನ ನೋಂದಣಿ ಆಫೀಸಿಗೆ ಕಳಿಸಿದರು. ಅದರಲ್ಲಿ ಹೆಸರಿನ ಒಂದು ಇನಿಷಿಯಲ್ ಬೇರೆ ಇದ್ದು ವಾಪಸ್ ಬಂತು. ಮತ್ತೆ ಮಾಡಿಸಿದರು. ಒಮ್ಮೆ ಪ್ಲೇನ್‌ಫೀಲ್ಡ್‌ನಿಂದ ಹಿಮದಲ್ಲಿ ಡ್ರೈವ್ ಮಾಡಿಕೊಂಡು ಬಂದು, ಗ್ಯಾರೇಜಿನಲ್ಲಿ ನಿಂತು, ನಾನು ಕೊಟ್ಟದ್ದೇ ನಿಮಗೆ ಶಾಪವಾಯಿತು ಎಂದು ಅತ್ತುಬಿಟ್ಟರು. ಅಂಕಲ್ ಅವರ ಬೆನ್ನು ಸವರಿದರು. ಚಳಿಗಾಲ ಕಳೆಯಿತು. ಕಾಗದ ಬರಲಿಲ್ಲ. ಅಂಕಲ್ ಹುಟ್ಟುಹಬ್ಬ ಬಂತು, ಇಲ್ಲಿ ಲೈಸೆನ್ಸಿನ ಕೊನೆಯ ದಿನವೂ ಅದೇ.

ಆಂಟಿಗೆ ಡ್ರೈವಿಂಗ್ ಬರುತ್ತಿರಲಿಲ್ಲ, ಜೊತೆಗೆ ನೀನು ಹೋಗವಾ ಎಂದು ನನ್ನನ್ನು ಕಳಿಸಿದರು. ಹೋಗುವಾಗ ಅಂಕಲ್ ತಮ್ಮ ದಿನಬಳಕೆಯ ಕಾರನ್ನು ತಾವೇ ನಡೆಸಿದರು, ಮೆಲ್ಲಗೆ, ದಿನಾ ಓಡಾಡಿ ಅಭ್ಯಾಸವಾದ ರಸ್ತೆಯಲ್ಲಿ. ನಾನು ಜೀವ ಕೈಯಲ್ಲಿ ಹಿಡಿದು ಕೂತಿದ್ದೆ. ಲೈಸೆನ್ಸ್ ಆಫೀಸಿನಲ್ಲಿ ಕೌಂಟರಿನ ಹುಡುಗಿ ಯಂತ್ರಕ್ಕೆ ಹಣೆ ಒತ್ತಿ ಅಕ್ಷರ ಓದಿ ಎಂದಳು. ಅವರು ಕತ್ತು ವಾರೆ ಮಾಡಿದರು. ನೆಟ್ಟಗೆ ನೋಡಿ ಸರ್ ಎಂದಳು. ಮತ್ತೆ ವಾರೆ ಮಾಡಿದರು. ಅವಳು ದನಿ ಇನ್ನಷ್ಟು ಮೃದು ಮಾಡಿಕೊಂಡು ಮತ್ತೆ ಅದನ್ನೇ ಹೇಳಿದಳು... ಆ ಮೃದು ದನಿ ಕೇಳಿ ನನಗೆ ಗೊತ್ತಾಗಿಹೋಯಿತು.

ಹೊರಗೆ ಬಂದಾಗ ಅವರು ಅಭ್ಯಾಸಬಲದಿಂದ ಡ್ರೈವರ್ ಕಡೆಯ ಬಾಗಿಲಿಗೆ ಹೋಗಿ ಹಿಡಿಕೆಗೆ ಕೈ ಹಾಕಿದರು. ಹಾಗೇ ನಿಂತರು. ಆಮೇಲೆ ಕಾರಿನ ಮೂತಿಯನ್ನು ಸವರಿಕೊಂಡು ಸುತ್ತು ಹಾಕಿ ಆಚೆ ಕಡೆ ಹೋದರು. ಕೀಲಿಯನ್ನು ನನ್ನ ಕೈಗೆ ಕೊಟ್ಟದ್ದು ಒಳಗೆ ಕೂತ ಮೇಲೆ.

ಕಾಗದ ಬಂದದ್ದು ಆ ಬೇಸಿಗೆಯಲ್ಲಿ. ಆಫೀಸರು ಮಾತಿಗೆ ತಪ್ಪದೆ ಮತ್ತೆ ಬಂದ, ನೋಡಿದ, ಸಹಿ ಹಾಕಿದ. ಕೊನೆಗೂ ಕಾರಿಗೆ ನಂಬರ್ ಬಂತು. ಕಾರು ಪಾಸಾಗಿತ್ತು, ಕಟ್ಟಿದವರು ಫೇಲಾಗಿದ್ದರು. ಅಂಕಲ್ ಪ್ಲೇಟನ್ನು ಬೆರಳಿನಿಂದ ತಡವಿಕೊಂಡು ತಾವೇ ಹಚ್ಚಿದರು. ಆಂಟಿ ಕಾಯಿ ಒಡೆದರು. ಅಂಕಲ್ ನನ್ನ ಕಡೆ ತಿರುಗಿ, ನೀ ಹೊಡಿ, ನಾ ಬಾಜೂಕ ಕುಂದರತೀನಿ ಎಂದರು. ನಾನು ಗೇರು, ಕ್ಲಚ್ಚು ಕಲಿತದ್ದು ಮೈಸೂರಿನಲ್ಲಿ ಅಪ್ಪನ ಹಳೆಯ ಕಾರಿನಲ್ಲಿ, ಕಾಲು ಮರೆತಿರಲಿಲ್ಲ.

ಟ್ವೆಲ್ವ್ ಮೈಲ್ ರೋಡಿಗೆ ಇಳಿದೆವು. ಕಾರು ಎಷ್ಟು ಚೆನ್ನಾಗಿ ಓಡಿತೆಂದರೆ, ಛೆ, ಅದನ್ನು ಹೇಳಲು ನನಗೆ ಇಷ್ಟವಿಲ್ಲ. ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಸಿಗ್ನಲ್‌ನಲ್ಲಿ ಪಕ್ಕದ ಲಾರಿಯವನು ಹೆಬ್ಬೆರಳು ಎತ್ತಿ ತೋರಿಸಿದ, ನಾನು ಅದನ್ನು ಅಂಕಲ್‌ಗೆ ಬಾಯಿಬಿಟ್ಟು ಹೇಳಬೇಕಾಯಿತು. ಅವರು ಎರಡೂ ಕೈಯನ್ನು ತೊಡೆಯ ಮೇಲಿಟ್ಟುಕೊಂಡು, ದೂರದ ನೆಂಟರ ಮನೆಗೆ ಹೊರಟವರಂತೆ ಕೂತಿದ್ದರು. ಸ್ವಲ್ಪ ದೂರ ಹೋದ ಮೇಲೆ, ಸಾಕು, ಮನೆಗೆ ಹೋಗೋಣ ಎಂದರು. ಯಾಕೆ ಅಂಕಲ್, ಎಲ್ಲಾದರೂ ಸದ್ದು ಬರ್ತಿದೆಯಾ ಎಂದು ಗಾಬರಿಯಾಗಿ ಕೇಳಿದೆ.

"ಗಾಡಿ ಭಾಳ ಚಲೋ ಐತಿ. ಬಾಜೂಕ ಕುಂತ್ರ ಎಲ್ಲಾ ಗಾಡೀನೂ ಒಂದ ನೋಡವಾ."

ಆಮೇಲೆ ಅವರು ಆ ಕಾರಿನಲ್ಲಿ ಕೂರಲಿಲ್ಲ. ಗ್ಯಾರೇಜಿನ ಬಾಗಿಲೂ ತೆರೆಯುವುದು ಅಪರೂಪವಾಯಿತು. ನಾನು ಕಾಫಿ ಲೋಟ ಹಿಡಿದು ಹೋದರೆ ಸೋಫಾದ ಮೇಲೆ ರೇಡಿಯೋ ಕೇಳುತ್ತ ಇರುತ್ತಿದ್ದರು. ಕಾರಿನ ಸುದ್ದಿ ನಾನು ಎತ್ತುತ್ತಿರಲಿಲ್ಲ, ಅವರೂ ಎತ್ತುತ್ತಿರಲಿಲ್ಲ. ಮುಂದಿನ ಚಳಿಗಾಲ ಮುಗಿಯುವ ಮೊದಲೇ ಎದೆನೋವು ಬಂದು ಹೋಗಿಬಿಟ್ಟರು. ಆಂಟಿ ಮನೆ ಮಾರಿ ಚಿಕಾಗೋ ಕಡೆ ತಂಗಿಯ ಹತ್ತಿರ ಹೋದರು. ಕಾರನ್ನು ಕೊಂಡವನು ಯಾರೋ ಇಪ್ಪತ್ತರ ಹರೆಯದವನು, ಸಿಳ್ಳೆ ಹಾಕುತ್ತ ತಾನೇ ಓಡಿಸಿಕೊಂಡು ಹೋದ. ಆಂಟಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದರು. ನಾನು ಮೂಲೆ ತಿರುಗುವವರೆಗೂ ನೋಡಿದೆ.

ಮೊನ್ನೆ ಸೋಮವಾರ ನನ್ನ ಲೈಸೆನ್ಸ್ ರಿನ್ಯೂ ಮಾಡಿಸಬೇಕಿತ್ತು. ನನಗೆ ಈ ಊರಿನ ಡ್ರೈವಿಂಗ್ ಎಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಕಾಲ್ನಡಿಗೆಯಲ್ಲಿ ಸಂತೆಗೆ ಹೋಗಿ ಬರುವ ಊರಿದ್ದರೆ ಈ ಕ್ಷಣ ಕೀಲಿ ಬಿಸಾಕಿ ಹೋದೇನು. ಯಂತ್ರಕ್ಕೆ ಹಣೆ ಒತ್ತಿದೆ. ಅಕ್ಷರಗಳು ತೊಳೆದಿಟ್ಟ ಹಾಗೆ ಕಂಡವು, ಒಂದೇ ಉಸಿರಿಗೆ ಓದಿ ಮುಗಿಸಿದೆ. ಕೌಂಟರಿನಾಕೆ ತಲೆ ಕೂಡ ಎತ್ತದೆ, ಆಯಿತು, ಹೋಗಿ ಎಂದಳು. ಅಷ್ಟೇ. ಹೊರಗೆ ಬಂದು ಕಾರಿನಲ್ಲಿ ಕೂತು, ಸ್ಟೀರಿಂಗ್‌ಗೆ ತಲೆಯಿಟ್ಟು ಅತ್ತೆ. ಇನ್ನೂ ಎಷ್ಟೋ ವರ್ಷ ನಾನು ಗಾಡಿ ಓಡಿಸಬಹುದಂತೆ. ನಾನು.