ಸಿಳ್ಳೆ ನಿಂತರೆ ಓಡುವ ಕಿವಿಯಮ್ಮ

ಬೆಳಗಿನ ಐದು ಗಂಟೆ. ಉಬ್ಬಸದವರ ವಾರ್ಡಿನ ಬಾಗಿಲಲ್ಲಿ ಆಯಾ ಕಣ್ಣು ಮುಚ್ಚಿಕೊಂಡು ಸ್ಟೂಲಿನ ಮೇಲೆ ಕೂತಿದ್ದಾರೆ. ತೂಕಡಿಸುತ್ತಿದ್ದಾರೆಂದು, ಅವರ ಬಗ್ಗೆ ಬರೆಯಲು ಬಂದ ನಾನು ಮೆಲ್ಲಗೆ ಕೆಮ್ಮುತ್ತೇನೆ.

"ಶ್! ಎಣಿಸ್ತಾ ಇದೀನಿ."

ಏನನ್ನು? ಕಿವಿಗೊಟ್ಟರೆ ನನಗೂ ಕೇಳುತ್ತದೆ. ಮಬ್ಬುಗತ್ತಲಲ್ಲಿ ಒಂದೊಂದೇ ಹಾಸಿಗೆಯಿಂದ ಸಣ್ಣ ಸಿಳ್ಳೆ. ತುಟಿಯದಲ್ಲ, ಎದೆಯದು. ಇವತ್ತು ಏಳು.

ವಾರ್ಡಿನವರಿಗೆಲ್ಲ ಇವರು ಕಿವಿಯಮ್ಮ. ಇಪ್ಪತ್ತೆರಡು ವರ್ಷದ ನೌಕರಿ. ದಿನಕ್ಕೆ ನಲವತ್ತು ಮಾಸ್ಕ್ ತೊಳೆಯುತ್ತಾರೆ. ಉಬ್ಬಸ ವಿಪರೀತವಾದವರಿಗೆ ಮೊದಲ ಒಂದು ಗಂಟೆ ಇಪ್ಪತ್ತು ನಿಮಿಷಕ್ಕೊಮ್ಮೆ ನೆಬ್ಯುಲೈಸರಿನಲ್ಲಿ ಔಷಧಿ ಕೊಡಬೇಕು. ಗಡಿಯಾರ ನೋಡಿ ನರ್ಸಿಗೆ ನೆನಪಿಸುವುದೂ ಇವರೇ. "ಸ್ಟೀರಾಯ್ಡ್ ಸೂಜಿ ಹತ್ತೋಕೆ ಗಂಟೆಗಟ್ಲೆ ಬೇಕು. ಅಲ್ಲೀವರೆಗೂ ಕಾಯ್ಬೇಕಲ್ಲ ಯಾರಾದ್ರೂ?"

ಕಾಯುವುದನ್ನು ಕಲಿಸಿದ್ದು ಉಬ್ಬಸವಿದ್ದ ಅವರ ತಂಗಿ. "ಅವತ್ತು ಹೊತ್ತು ಹುಟ್ಟೋ ಮುಂಚೆ ಅವಳ ಸಿಳ್ಳೆ ನಿಂತೋಯ್ತು. ಅಮ್ಮ, 'ಸದ್ಯ, ನಿದ್ದೆ ಹತ್ತಿತು' ಅಂದ್ಳು. ಎಚ್ಚರ ಆಗ್ದಿರ್ಲಿ ಅಂತ ದೀಪ ಆರಿಸಿ, ತುದಿಗಾಲಲ್ಲಿ ಬಂದು ಬಾಗಿಲು ಎಳ್ಕೊಂಡೋಳು ನಾನೇ. ಗಾಳಿ ಆಡಿದ್ರೆ ತಾನೆ ಸಿಳ್ಳೆ? ಉಸಿರೇ ಕಟ್ಟಿದೆ ಅಂತ ನಮಗೇನ್ ಗೊತ್ತಿತ್ತು."

ಆಮೇಲೆ ನಾನೂ ಎಣಿಸಿ ನೋಡುತ್ತೇನೆ. ವಾರ್ಡಿನ ಸಿಳ್ಳೆ ಈಗ ಆರೇ.

ಮೂಲೆಯ ಹಾಸಿಗೆಯಲ್ಲಿ ಒಬ್ಬ ಬಡಗಿ. ಅವನ ಹಣೆ ಒರೆಸುತ್ತಿದ್ದ ಹೆಂಡತಿ ನಮ್ಮ ಕಡೆ ತಿರುಗಿ ನಗುತ್ತಾಳೆ. "ಅಬ್ಬಾ, ಈಗ ಆರಾಮಾಯ್ತು ನೋಡಿ."

ಸ್ಟೂಲು ದಡಾರನೆ ಉರುಳುತ್ತದೆ. "ಆರಾಮಲ್ಲ ಕಣಮ್ಮಾ! ಸಿಸ್ಟರ್, ಓಡಿ ಬನ್ನಿ!"

ಬಡಗಿಯ ತುಟಿ ನೀಲಿ. ಡಾಕ್ಟರು ಬರುತ್ತಾರೆ. ಆಕ್ಸಿಜನ್, ಮತ್ತೆ ನೆಬ್ಯುಲೈಸರ್, ಕೈಗೆ ಮೆಗ್ನೀಷಿಯಂ ಡ್ರಿಪ್. ಇಪ್ಪತ್ತು ನಿಮಿಷ ಆ ಮೂಲೆಯಿಂದ ಏನೂ ಕೇಳುವುದಿಲ್ಲ. ಅಷ್ಟು ಭಯ ನಾನು ಯಾವತ್ತೂ ಪಟ್ಟಿಲ್ಲ. ಕೊನೆಗೆ ಎಲ್ಲೋ ಆಳದಿಂದ ಎಳೆಯಷ್ಟು ಸಿಳ್ಳೆ.

"ಅಯ್ಯೋ, ಮತ್ತೆ ಶುರುವಾಯ್ತಲ್ಲ!" ಹೆಂಡತಿ ಅಳುತ್ತಾಳೆ.

"ಶುರುವಾಗ್ಲಿ ತಾಯಿ. ಅದೇ ನಮಗೆ ಬೇಕಾಗಿದ್ದು."

ಕಿವಿಯಮ್ಮ ಸ್ಟೂಲು ಎತ್ತಿಟ್ಟು ಕೂರುತ್ತಾರೆ. ಮನೆಯಲ್ಲೂ ಇದೇ ಗೋಳಂತೆ. "ಯಜಮಾನ್ರ ಗೊರಕೆ ನಿಂತ್ರೆ ಅಲ್ಲಾಡಿಸಿ ಎಬ್ಬಿಸ್ತೀನಿ. ಪಾಪ, ಅವ್ರು ನೆಟ್ಟಗೆ ನಿದ್ದೆ ಮಾಡಿ ಯಾವ ಕಾಲ ಆಯ್ತೋ!"

ನಿಮಗೇನು ಆಸೆ ಅನ್ನುತ್ತೇನೆ. "ಸದ್ದೇ ಇಲ್ಲದ ಕೋಣೇಲಿ ಒಂದಿನ ಹೆದರ್ಕೊಳ್ದೆ ಮಲಗ್ಬೇಕು."

ತಲೆ ತಗ್ಗಿಸಿ ಅದನ್ನು ಬರೆದುಕೊಳ್ಳುತ್ತೇನೆ. ಬೆನ್ನ ಮೇಲೆ ತಣ್ಣನೆಯ ಕೈಯೊಂದು ಬಂದು ಕೂರುತ್ತದೆ. ಬೆಚ್ಚಿ ತಿರುಗುತ್ತೇನೆ.

"ಏನಿಲ್ಲ, ಬರೀರಿ," ಅನ್ನುತ್ತಾರೆ ಕಿವಿಯಮ್ಮ. "ಸುಮ್ನಾಗ್ಬಿಟ್ರಲ್ಲ, ಅದಕ್ಕೆ."