ಅವಳನ್ನು ಎಬ್ಬಿಸಿದ್ದು ನಾನು

ನಂದಿತಾಳನ್ನು ಆ ಮಧ್ಯಾಹ್ನ ನಿದ್ದೆಯಿಂದ ಎಬ್ಬಿಸಿದ್ದು ನಾನು. ಯಾರೂ ಕರೆಯಲಿಲ್ಲ, ಅವಳಾಗಿಯೇ ಎದ್ದು ಡ್ಯೂಟಿಗೆ ಹೋದಳು ಎಂದು ಇಷ್ಟು ದಿನ ನಾನು ಹೇಳಿಕೊಂಡು ಬಂದದ್ದು ಸುಳ್ಳು. ಮಾತಾಡಿಸಲು ಮನೆಗೆ ಬಂದವರಿಗೆ ಹೇಳಿದೆ, ಊರಿನಿಂದ ಫೋನ್ ಮಾಡಿದವರಿಗೆ ಹೇಳಿದೆ, ಅವಳ ಜೊತೆ ಕೆಲಸ ಮಾಡುತ್ತಿದ್ದ ಮಕ್ಕಳಿಗೂ ಹೇಳಿದೆ. ಹೇಳುತ್ತಾ ಹೇಳುತ್ತಾ ಒಂದು ದಿನ ನನಗೂ ಅದೇ ನಿಜ ಅನ್ನಿಸೀತು ಎಂದುಕೊಂಡಿದ್ದೆ. ಒಂದು ಸಲವೂ ಅನ್ನಿಸಲಿಲ್ಲ.

ನಾನು ಹೆಚ್ಚು ಓದಿದವನಲ್ಲ. ಕುಂದಾಪುರದ ಕಡೆಯವನು. ಏಳನೆಯ ತರಗತಿ ಮುಗಿಸಿ ಮದ್ರಾಸಿಗೆ ಬಂದು ಪುರಸೈವಾಕ್ಕಂನ ಒಂದು ಸಸ್ಯಾಹಾರಿ ಹೋಟೆಲಿಗೆ ಸೇರಿದೆ. ಲೋಟ ತೊಳೆಯುವುದರಿಂದ ಶುರುಮಾಡಿ ದೋಸೆ ಕಾವಲಿಯ ಮುಂದೆ ಬಹಳ ವರ್ಷ ನಿಂತೆ. ಈಗ ಅಲ್ಲೇ ಮೇಲ್ವಿಚಾರಣೆ ನೋಡಿಕೊಳ್ಳುತ್ತೇನೆ. ನಂದಿತಾ ನಮ್ಮ ಒಬ್ಬಳೇ ಮಗಳು. ಎಂಬಿಬಿಎಸ್ ಮುಗಿಸಿದ್ದಳು. ನಮ್ಮ ಹೋಟೆಲಿನ ಹಿಂದಿನ ಬೀದಿಯ ಖಾಸಗಿ ಆಸ್ಪತ್ರೆಯಲ್ಲಿ ಡ್ಯೂಟಿ ಡಾಕ್ಟರ್ ಆಗಿದ್ದಳು. ಆ ಕೆಲಸ ಕೇಳಿದವನೂ ನಾನೇ. ಆಸ್ಪತ್ರೆಯ ಯಜಮಾನರು — ನಾವು ದೊಡ್ಡ ಡಾಕ್ಟರ್ ಅನ್ನುತ್ತೇವೆ — ದಿನಾ ಬೆಳಿಗ್ಗೆ ನಮ್ಮಲ್ಲೇ ತಿಂಡಿ ತಿನ್ನುತ್ತಿದ್ದರು. ಒಂದು ದಿನ ಅವರ ಮೇಜಿಗೆ ಕಾಫಿ ನಾನೇ ಒಯ್ದು, ಮಗಳ ವಿಷಯ ಹೇಳಿದೆ. ಅಷ್ಟೇ.

ಕರಾರಿಗೆ ಸಹಿ ಹಾಕುವ ಮೊದಲು ಅವಳು ಅದನ್ನು ನನಗೆ ಓದಿ ಹೇಳಿದಳು. ಎರಡು ವರ್ಷ ಬಿಟ್ಟು ಹೋಗುವಂತಿಲ್ಲ. ಅಲ್ಲಿಯವರೆಗೆ ಅವಳ ಅಸಲು ಸರ್ಟಿಫಿಕೇಟುಗಳೆಲ್ಲ ಆಸ್ಪತ್ರೆಯ ವಶದಲ್ಲಿರುತ್ತವೆ. ಕೆಲಸದ ಹೊತ್ತು — ಆಸ್ಪತ್ರೆಗೆ ಅಗತ್ಯವಿರುವಷ್ಟು.

"ಅಪ್ಪಯ್ಯ, ಇದ್ರಲ್ಲಿ ಗಂಟೆ ಅನ್ನೋದೇ ಇಲ್ಲ ನೋಡಿ" ಎಂದು ನಕ್ಕಳು.

"ನಮ್ಗೆ ಹೋಟ್ಲಲ್ಲಿ ಯಾವ ಗಂಟೆ ಇತ್ತ್ ಮಗಾ? ಬದುಕ್ಲಿಲ್ವಾ ನಾವು?" ಎಂದೆ.

"ನಿಮ್ಮ ಹೋಟ್ಲಲ್ಲಿ ಇಡ್ಲಿಗೂ ಮಧ್ಯಾಹ್ನ ರೆಸ್ಟ್ ಉಂಟು" ಎಂದಳು. ಆದರೂ ಸಹಿ ಹಾಕಿದಳು. ಪದವಿಯ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ತೂಗುಹಾಕಬೇಕೆಂದು ನಾನು ಆಗಲೇ ಗೋಡೆಗೆ ಮೊಳೆ ಹೊಡೆದಿದ್ದೆ. ಎರಡು ವರ್ಷ ತಾನೇ, ಬರುತ್ತದೆ ಎಂದೆ.

ಆ ದಿನ ನನಗೆ ವಾರದ ರಜೆ. ನಾವಿರುವುದು ಮಾಧವರಂನಲ್ಲಿ. ಹೆಂಡತಿ ಗಿರಿಜಾ ಬೆಳಿಗ್ಗೆಯೇ ಗಿಂಡಿಯಲ್ಲಿರುವ ತಮ್ಮನ ಮನೆಗೆ ಹೋಗಿದ್ದಳು. ನಾನು ಬಾಲ್ಕನಿಯಲ್ಲಿ ಕೂತು ತೆಂಗಿನಕಾಯಿ ತುರಿಯುತ್ತಿದ್ದೆ. ಎರಡು ರಾತ್ರಿ ಮತ್ತು ನಡುವಿನ ಒಂದು ಹಗಲು ಡ್ಯೂಟಿ ಮುಗಿಸಿ ನಂದಿತಾ ಬಂದಳು. ಬದಲಿಗೆ ಬರಬೇಕಿದ್ದವರು ಬಂದಿರಲಿಲ್ಲವಂತೆ. ಚಪ್ಪಲಿ ಒಂದು ಬಾಗಿಲ ಹೊರಗೆ, ಒಂದು ಒಳಗೆ. ಇಡ್ಲಿ ಕೊಟ್ಟೆ. ಒಂದು ತಿಂದಳು, ಇನ್ನೊಂದನ್ನು ಕೈಯಲ್ಲಿ ಹಿಡಿದುಕೊಂಡೇ ಕಣ್ಣು ಮುಚ್ಚಿದಳು. ನನಗೆ ನಗು ಬಂತು. ಚಿಕ್ಕವಳಿದ್ದಾಗಲೂ ಹಾಗೇ, ತುತ್ತು ಬಾಯಲ್ಲಿಟ್ಟುಕೊಂಡೇ ನಿದ್ದೆ ಹೋಗುತ್ತಿದ್ದಳು.

ನಮ್ಮ ಮಗಳು ಕನ್ನಡ ಚೆನ್ನಾಗಿಯೇ ಮಾತಾಡುತ್ತಿದ್ದಳು. ದಣಿದಾಗ ಮಾತ್ರ ತಮಿಳು ಬರುತ್ತಿತ್ತು, ನಾನು 'ಪಾ' ಆಗುತ್ತಿದ್ದೆ.

"ತೂಂಗಣುಂ ಪಾ, ಮಲಗ್ಬೇಕು, ಅಷ್ಟೇ" ಎಂದು ಎದ್ದಳು. ಕೋಣೆಯ ಬಾಗಿಲಲ್ಲಿ ನಿಂತು ತನ್ನ ಫೋನನ್ನು ಆಫ್ ಮಾಡಿ ನನಗೆ ತೋರಿಸಿದಳು. "ನಿಮ್ಮ ಫೋನಿಗೆ ಮಾಡ್ತಾರೆ. ಯಾರು ಮಾಡಿದ್ರೂ ಎಬ್ಬಿಸ್ಬೇಡಿ. ನಾನು ಇಲ್ಲ ಅನ್ನಿ."

"ಆಯ್ತ್ ಮಗಾ" ಎಂದೆ.

ಇಲ್ಲ ಅನ್ನಿ — ಅವಳು ಕೇಳಿದ್ದು ಅದೊಂದೇ ಮಾತು.

ಊಟದ ಹೊತ್ತಿಗೆ ಮೊದಲೇ ದೊಡ್ಡ ಡಾಕ್ಟರ ಫೋನ್ ಬಂತು. "ರಾವ್, ಪೊಣ್ಣು ವೀಟ್ಲ ಇರ್ಕಾ?" — ಮಗಳು ಮನೆಯಲ್ಲಿದ್ದಾಳಾ ಎಂದು. ವಾರ್ಡಿನಲ್ಲಿ ಯಾರೂ ಇಲ್ಲ, ಸಂಜೆಯವರೆಗೆ ಸ್ವಲ್ಪ ಬಂದು ಹೋಗಲಿ ಎಂದರು. ಬೈಯಲಿಲ್ಲ, ಹೆದರಿಸಲಿಲ್ಲ. ಇನ್ನೊಂದು ಚಟ್ನಿ ಕೇಳುವಾಗ ಇರುತ್ತಿದ್ದ ದನಿಯೇ.

ಹೋಟೆಲಿನಲ್ಲಿ ನಮಗೆ ಮೊದಲು ಕಲಿಸುವುದೇ ಗಿರಾಕಿಗೆ 'ಇಲ್ಲ' ಅನ್ನಬಾರದು ಎಂದು. ಹಿಟ್ಟು ಮುಗಿದಿದ್ದರೂ 'ಐದು ನಿಮಿಷ ಸಾರ್' ಅನ್ನಬೇಕು. ಆಮೇಲೆ ಹಿಟ್ಟು ಎಲ್ಲಿಂದಲಾದರೂ ತರಬೇಕು. ನನ್ನ ಬಾಯಿಗೆ ಆ ಅಭ್ಯಾಸ ಎಷ್ಟು ಕೂತಿದೆ ಎಂದು ಅವತ್ತಿನವರೆಗೆ ನನಗೂ ಗೊತ್ತಿರಲಿಲ್ಲ. "ಇದೋ ಅನುಪ್ಪರೇನ್ ಸಾರ್" ಎಂದುಬಿಟ್ಟೆ. ಇಗೋ ಕಳಿಸ್ತೇನೆ. ಒಂದು ಮಸಾಲೆದೋಸೆಗೆ ಹೇಳುವ ಹಾಗೆ.

ಆಮೇಲಾದರೂ ತಿರುಗಿ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ಅಡಿಗೆಮನೆಗೆ ಹೋಗಿ ಕಾಫಿ ಮಾಡಿದೆ. ಮಲಗಿದವರನ್ನು ಎಬ್ಬಿಸುವುದು ನನಗೆ ಚೆನ್ನಾಗಿ ಗೊತ್ತು. ಹೋಟೆಲಿನ ಮಾಳಿಗೆಯಲ್ಲಿ ಸಾಲಾಗಿ ಮಲಗುತ್ತಿದ್ದ ಕೆಲಸದವರನ್ನು ಬೆಳಗಾಗುವ ಮೊದಲು ಎಬ್ಬಿಸುವುದು ಒಂದು ಕಾಲದಲ್ಲಿ ನನ್ನ ಕೆಲಸವಾಗಿತ್ತು. ಕೂಗಿದರೆ ಕೆಲವರು ಸಿಟ್ಟಾಗುತ್ತಾರೆ. ನಾನು ಬಿಸಿ ಕಾಫಿಯ ಲೋಟವನ್ನು ಮೂಗಿನ ಹತ್ತಿರ ಹಿಡಿಯುತ್ತಿದ್ದೆ. ನಿದ್ದೆ ತಾನಾಗಿಯೇ ಬಿಡುತ್ತದೆ, ಎದ್ದವನಿಗೆ ಎಬ್ಬಿಸಿದ್ದೇ ತಿಳಿಯುವುದಿಲ್ಲ. ಮಗಳಿಗೂ ಹಾಗೇ ಮಾಡಿದೆ.

ಅವಳಿಗೆ ತಿಳಿಯಿತು. ಕಣ್ಣು ಬಿಟ್ಟು ಲೋಟ ನೋಡಿದಳು, ನನ್ನನ್ನು ನೋಡಿದಳು.

"ಇಲ್ಲ ಅಂತ ಒಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ ಪಾ?"

ನಾನು ಹೋಟೆಲಿನ ಮಾತು ಆಡಿದೆ. ಸಟ್ಟುಗ ಇನ್ನೊಬ್ಬನ ಕೈಗೆ ಕೊಡದೆ ಕಾವಲಿ ಬಿಟ್ಟು ಇಳಿಯಬಾರದು ಎಂಬುದು ನಮ್ಮಲ್ಲಿ ಹಳೆಯ ಕಟ್ಟಳೆ. "ಬದಲಿ ಬಾರದೆ ಕಾವಲಿ ಬಿಡ್ತ್ರಾ ಮಗಾ?" ಎಂದೆ. ಅವಳು ಅರ್ಧ ಕಾಫಿ ಕುಡಿದು ಲೋಟವನ್ನು ಹಾಸಿಗೆಯ ಪಕ್ಕದಲ್ಲಿಟ್ಟು, ಮುಖ ತೊಳೆದು ಸ್ಕೂಟರಿನಲ್ಲಿ ಹೋದಳು. ಸಂಜೆಯೂ ಬದಲಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಮನೆಗೆ ಬರುವಾಗ, ಇನ್ನೇನು ಮಾಧವರಂ ಬಂತು ಅನ್ನುವಲ್ಲಿ, ಸ್ಕೂಟರ್ ರಸ್ತೆಯ ನಡುವಿನ ಕಟ್ಟೆಗೆ ಹೋಗಿ ಗುದ್ದಿತು. ಬೇರೆ ಯಾವ ಗಾಡಿಯೂ ಹತ್ತಿರ ಇರಲಿಲ್ಲ. ನೋಡಿದವರು ಹೇಳಿದರು — ಬ್ರೇಕೇ ಹಾಕಲಿಲ್ಲ, ನೇರ ಹೋದಳು ಎಂದು. ನಿದ್ದೆ, ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಸುಳ್ಳು ಹುಟ್ಟಿದ್ದು ಅವಳು ತೀರಿಹೋದ ಮೂರನೆಯ ದಿನ. ದೊಡ್ಡ ಡಾಕ್ಟರ್ ಮನೆಗೆ ಬಂದು ಎಲ್ಲರ ಜೊತೆ ನೆಲದ ಮೇಲೆಯೇ ಕೂತರು. ಅವರ ಕಣ್ಣಲ್ಲಿ ನೀರಿತ್ತು, ಅದು ಸುಳ್ಳಲ್ಲ. "ಎಂಥ ಹುಡುಗಿ! ಕರೆಯದೆಯೇ ಓಡಿ ಬಂದಳು" ಎಂದು ಎಲ್ಲರಿಗೂ ಕೇಳುವಂತೆ ಹೇಳಿ ನನ್ನ ಕಡೆ ನೋಡಿದರು. ಅವರ ಫೋನಿನ ಮಾತು ಬಂದರೆ ನನ್ನ ಕಾಫಿಯ ಮಾತೂ ಬರುತ್ತದೆ. ಅಡಿಗೆಮನೆಯ ಬಾಗಿಲಲ್ಲಿ ಗಿರಿಜಾ ನಿಂತಿದ್ದಳು. "ಹೌದು, ಅವಳೇ ಹೋದ್ಲು" ಎಂದೆ.

ಆಮೇಲೆ ಕಯಲ್ ಬಂದಳು, ಇನ್ನಿಬ್ಬರು ಡಾಕ್ಟರ್ ಮಕ್ಕಳ ಜೊತೆ. ಕಯಲ್ ನಂದಿತಾಳ ಜೊತೆಗೇ ಓದಿ, ಅದೇ ಆಸ್ಪತ್ರೆಗೆ ಅಂಥದೇ ಕರಾರಿನಲ್ಲಿ ಸೇರಿದ ಹುಡುಗಿ. ಡ್ಯೂಟಿಗೆ ಇಷ್ಟೇ ಹೊತ್ತು ಎಂದು ಕರಾರಿನಲ್ಲಿ ಬರಬೇಕು, ಇಡೀ ರಾತ್ರಿ ದುಡಿದವರನ್ನು ಮರುದಿನ ಕರೆಯಬಾರದು, ಸರ್ಟಿಫಿಕೇಟು ವಾಪಸು ಕೊಡಬೇಕು ಎಂದು ಅವರು ಕೇಳಲು ಹೊರಟಿದ್ದರು. ನನ್ನಿಂದ ಅವರಿಗೆ ಬೇಕಿದ್ದದ್ದು ಒಂದು ಉತ್ತರ.

"ಅಂಕಲ್, ಅವತ್ತು ಅವಳನ್ನು ಯಾರಾದರೂ ಕರೆದರಾ? ಅದೊಂದು ಹೇಳಿ, ಸಾಕು" ಎಂದು ಕಯಲ್ ತಮಿಳಿನಲ್ಲಿ ಕೇಳಿದಳು.

"ಯಾರುಂ ಕೂಪ್ಪಿಡಲೆ ಮಾ" ಎಂದೆ. ಯಾರೂ ಕರೆಯಲಿಲ್ಲ. ಅಷ್ಟು ಸಣ್ಣ ಹುಡುಗಿಯ ಮುಖ ನೋಡಿಕೊಂಡೇ ಹೇಳಿದೆ. ಅವಳು ತಲೆಯಾಡಿಸಿ, ಸಾರಿ ಅಂಕಲ್, ಈ ಹೊತ್ತಿನಲ್ಲಿ ಕೇಳಬಾರದಿತ್ತು ಎಂದಳು. ಅವಳು ನನ್ನ ಕ್ಷಮೆ ಕೇಳಿದಳು.

ಆಸ್ಪತ್ರೆಯಲ್ಲಿ ಅವರು ಬಾಯಿ ತೆರೆದಾಗ ಸಿಕ್ಕ ಉತ್ತರ ಏನೆಂದು ನನಗೆ ಹೋಟೆಲಿನಲ್ಲೇ ಗೊತ್ತಾಯಿತು — ಯಾರೂ ಬಲವಂತ ಮಾಡಿಲ್ಲ, ಆ ಹುಡುಗಿಯ ತಂದೆಯೇ ಹೇಳಿದ್ದಾರೆ. ಮಾತು ಅಲ್ಲಿಗೆ ಮುಗಿಯಿತು. ಇನ್ನಿಬ್ಬರು ಏನಾದರೋ ತಿಳಿಯದು. ಸರ್ಟಿಫಿಕೇಟು ಅಲ್ಲಿರುವುದರಿಂದ ಕಯಲ್ ಅಲ್ಲೇ ಉಳಿದಳು.

ವರ್ಷ ದಾಟಿತು. ಈ ತಿಂಗಳು ಒಂದು ಬೆಳಿಗ್ಗೆ ಕಯಲ್ ಹೋಟೆಲಿಗೆ ಬಂದಳು. ಗೋಡೆಯ ಬದಿಯ ಮೇಜಿನಲ್ಲಿ ಕೂತು ದೋಸೆ ಹೇಳಿ, ಅದು ಬರುವುದರೊಳಗೆ ಕೈಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಸಪ್ಲೈಯರ್ ಮುರುಗನ್ ತಟ್ಟೆ ಹಿಡಿದು ನನ್ನ ಕಡೆ ತಿರುಗಿದ. "ಅಣ್ಣೇ, ಡಾಕ್ಟರಮ್ಮ ತೂಂಗಿಟ್ಟಾಂಗ. ದೋಸೆ ಆರಿಪೋಗುಂ" ಎಂದು ಭುಜ ತಟ್ಟಲು ಹೊರಟ.

"ಬೇಡ. ಎಬ್ಬಿಸ್ಬೇಡ" ಎಂದೆ. ನನ್ನ ದನಿ ಜೋರಾಗಿತ್ತೆಂದು ಕಾಣುತ್ತದೆ, ಪಕ್ಕದ ಮೇಜಿನವರು ತಿರುಗಿ ನೋಡಿದರು.

ಅವಳ ಎದುರಿನ ಕುರ್ಚಿಗೆ ಯಾರೂ ಬಾರದಂತೆ ನಾನೇ ನಿಂತೆ. ಮೇಜಿನ ಮೇಲಿದ್ದ ಅವಳ ಫೋನ್ ಸದ್ದಿಲ್ಲದೆ ಬೆಳಗಿತು, ಆರಿತು, ಮತ್ತೆ ಬೆಳಗಿತು. ಆ ಕಡೆ ಯಾವ ರೋಗಿ ಕಾಯುತ್ತಿದ್ದರೋ — ಅದೂ ಮನಸ್ಸಿಗೆ ಬಂತು. ಆದರೂ ಫೋನನ್ನು ಮುಟ್ಟಲಿಲ್ಲ, ಅವಳನ್ನೂ ಮುಟ್ಟಲಿಲ್ಲ. ಇಷ್ಟೇ ಅಲ್ಲವೇ ಆ ದಿನವೂ ಮಾಡಬೇಕಿದ್ದದ್ದು? ಏನೂ ಮಾಡದೆ ನಿಲ್ಲುವುದು. ಎಷ್ಟು ಸುಲಭದ ಕೆಲಸ.

ಅವಳೇ ಗಾಬರಿಯಿಂದ ಎದ್ದಳು. "ಅಯ್ಯೋ ಅಂಕಲ್, ಯಾಕೆ ಎಬ್ಬಿಸ್ಲಿಲ್ಲ?" ಎಂದಳು. ಆಗ ಹೇಳಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. "ಬಿಸಿ ದೋಸೆ ತರಿಸ್ತೇನೆ ಮಾ, ಐದು ನಿಮಿಷ" ಎಂದೆ. ಅವಳು ನಿಲ್ಲಲಿಲ್ಲ. ಆರಿದ ದೋಸೆಯನ್ನೇ ಸುತ್ತಿ ಕೈಯಲ್ಲಿ ಹಿಡಿದುಕೊಂಡು ಓಡಿದಳು.

ಅಂದು ಸಂಜೆ ಮನೆಗೆ ಬಂದು ಗಿರಿಜಾಳ ಮುಂದೆ ಎಲ್ಲ ಹೇಳಿದೆ. ಅವಳು ಬೀನ್ಸ್ ಮುರಿಯುತ್ತಿದ್ದಳು. ಮುರಿಯುವುದನ್ನು ನಿಲ್ಲಿಸಲಿಲ್ಲ.

"ನಂಗ್ ಗೊತ್ತಿತ್ತ್" ಎಂದಳು. "ಹಾಸಿಗೆ ಬದಿಯಲ್ಲಿ ಕಾಫಿ ಲೋಟ ಇತ್ತಲ್ದಾ. ಅವ್ಳ್ ಒಂದಿನ ಆದ್ರೂ ತಾನಾಗಿ ಕಾಫಿ ಮಾಡ್ಕಂಡ್ ಕುಡ್ದದ್ ಉಂಟಾ? ಅದನ್ನ ತೊಳ್ದದ್ದ್ ನಾನ್."

ಒಂದು ವರ್ಷ, ಒಂದೇ ಮನೆಯಲ್ಲಿ, ಒಂದೇ ಪಾತ್ರೆಯ ಅನ್ನ ಉಂಡು — ಅವಳು ಕಾಯುತ್ತಿದ್ದಳು.

"ನೀವ್ ಹೇಳ್ತ್ರಿ ಅಂದೇಳಿ ಕಾದೆ" ಎಂದಳು. ಮುರಿದ ಬೀನ್ಸನ್ನು ಪಾತ್ರೆಗೆ ಹಾಕುತ್ತಾ, "ನಂಗೆ ಹೇಳಿ ಎಂತ ಆಯ್ತ್? ಆ ಹೆಣ್ಣಿಗೆ ಹೇಳ್ಕ್ ನೀವ್" — ಕಯಲ್‌ಗೆ ಹೇಳಬೇಕು ಎಂದು.

ಅವಳು ನನ್ನನ್ನು ಕ್ಷಮಿಸಿದ್ದಾಳೆ ಎಂದು ನಾನು ತಿಳಿದಿಲ್ಲ. ಕೇಳುವುದೂ ಇಲ್ಲ.

ನಮ್ಮ ಭಾಷೆಯ ನಾಲ್ಕು ಜನರ ಮುಂದೆ ಮೊದಲು ಬರೆದಿಟ್ಟರೆ ಆಮೇಲೆ ಬಾಯಿ ಹಿಂದೆ ಸರಿಯಲಾರದು ಎಂದು ಇದನ್ನು ಬರೆದೆ. ಕಯಲ್‌ಗೆ ಕನ್ನಡ ಬಾರದು. ಅವಳಿಗೆ ಎದುರು ಕೂತು ತಮಿಳಿನಲ್ಲೇ ಹೇಳಬೇಕು — ಕರೆದರು, ಎಬ್ಬಿಸಿದವನು ನಾನು ಎಂದು. ಬರುವ ಭಾನುವಾರ ಮನೆಗೆ ಬಾ ಎಂದು ಹೇಳಿ ಕಳಿಸಿದ್ದೇನೆ. ಆಮೇಲೆ ಅವಳು ಎಲ್ಲಿ ಹೇಳು ಅನ್ನುತ್ತಾಳೋ ಅಲ್ಲಿ ಹೇಳುತ್ತೇನೆ, ದೊಡ್ಡ ಡಾಕ್ಟರ ಮುಂದೆಯೂ. ಈಗ ಹೇಳಿದರೆ ಯಾರಿಗೆ ಎಷ್ಟು ಉಪಯೋಗವೋ ಗೊತ್ತಿಲ್ಲ. ಹೇಳಬೇಕಾದ ದಿನ ಹೇಳಲಿಲ್ಲ.

ಇನ್ನೊಂದು ಕೆಲಸವೂ ಉಳಿದಿದೆ. ಮಗಳ ಕಾಗದಪತ್ರ ಆಸ್ಪತ್ರೆಯವರು ಕೊಡಲಿಲ್ಲ, ಕೇಳಲು ಹೋಗುವ ಮುಖ ನನಗಿರಲಿಲ್ಲ. ಹಾಲ್‌ನ ಗೋಡೆಯಲ್ಲಿ ಮೊಳೆ ಹಾಗೇ ಇದೆ. ಮಗಳ ಫೋಟೋವನ್ನು ಅದಕ್ಕೆ ಹಾಕಲು ಗಿರಿಜಾ ಬಿಡಲಿಲ್ಲ, ಅದು ಬೇರೆ ಗೋಡೆಯಲ್ಲಿದೆ. ನಂದಿತಾಳ ಸರ್ಟಿಫಿಕೇಟು ಇನ್ನೂ ಮನೆಗೆ ಬಂದಿಲ್ಲ.