ಲಾಕ್ ಮಾಡದೆ ಬಿಟ್ಟ ಪ್ಲಗಿನ್

ಕೋವಿಡ್ ಗಲಾಟೆ ಮುಗಿದ ಮರುವರ್ಷ ನಾನು ಸಾಗರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿ ರಿಲೀಸ್, ಅಂದರೆ ಆ್ಯಪ್ ಬಿಡುಗಡೆಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದೆ. ಒಟ್ಟು ಒಂಬತ್ತು ಜನ ಇದ್ದೆವು. ತೀರ್ಥಹಳ್ಳಿಯ ಒಂದು ಖಾಸಗಿ ಡಯಾಲಿಸಿಸ್ ಕೇಂದ್ರಕ್ಕೆ ನಾವು ಮೊಬೈಲ್ ಆ್ಯಪ್ ಮಾಡಿಕೊಟ್ಟಿದ್ದೆವು. ರೋಗಿ ಯಾವ ದಿನ, ಎಷ್ಟು ಗಂಟೆಗೆ ಬರಬೇಕೆಂದು ಅದು ತಿಳಿಸುತ್ತಿತ್ತು. ದಿನ ಬದಲಾದರೆ ಫೋನು ಜೋರಾಗಿ ಕೂಗುತ್ತಿತ್ತು. ಅದಕ್ಕೂ ಮೊದಲು ಅಲ್ಲಿನ ನರ್ಸ್ ಒಬ್ಬೊಬ್ಬ ರೋಗಿಗೂ ಕರೆ ಮಾಡಿ ಹೇಳುತ್ತಿದ್ದರು. ಇನ್ನು ಆ ಕರೆಗಳು ಬೇಡ, ಆ್ಯಪ್ ಸಾಕು ಎಂದು ಅವರಿಗೆ ಹೇಳಿದವನು ನಾನೇ.

ನಾವು ಬರೆದ ಕೋಡ್ ಹಾಗೇ ಫೋನಿಗೆ ಹೋಗುವುದಿಲ್ಲ. ಬಿಲ್ಡ್ ಟೂಲ್ ಎಂಬ ಸಾಧನ ಅದನ್ನು ಆ್ಯಪ್ ಆಗಿ ಕಟ್ಟುತ್ತದೆ. ಆ ಸಾಧನಕ್ಕೆ ಸೇರಿಸಿಕೊಳ್ಳುವ ಬಿಡಿ ಪ್ರೋಗ್ರಾಂಗಳೇ ಪ್ಲಗಿನ್‌ಗಳು. ನಮ್ಮ ಒಂದು ಪ್ಲಗಿನ್, ಬಳಕೆಯಾಗದ ಕೋಡನ್ನು ಕಿತ್ತು ಆ್ಯಪ್ ಗಾತ್ರ ತಗ್ಗಿಸುತ್ತಿತ್ತು. ಅದು ಒಂದು ಲೈಬ್ರರಿಯನ್ನು, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡಿನ ಕಟ್ಟನ್ನು, ಅವಲಂಬಿಸಿತ್ತು. ಆ ಲೈಬ್ರರಿಯ ಯಾವ ವರ್ಶನ್ ಬೇಕೆಂದು ನಾವು ಎಲ್ಲಿಯೂ ಬರೆದಿರಲಿಲ್ಲ. ಹಾಗೆ ಬಿಟ್ಟರೆ, ಆ ಹೊತ್ತಿಗೆ ಯಾವುದು ಹೊಸದೋ ಅದು ತಾನಾಗಿ ಇಳಿದುಬರುತ್ತದೆ.

ಇದನ್ನು ಮೊದಲು ಗಮನಿಸಿದವಳು ಸುಮತಿ. ಹೊಸನಗರದವಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಎಂಟು ವರ್ಷ ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳಿ, ಆಮೇಲೆ ನಮ್ಮಲ್ಲಿಗೆ ಬಂದಿದ್ದಳು.

"ಸರ್, ಯಾವ್ದಕ್ಕೆ ಯಾವ ವರ್ಶನ್ ಅಂತ ಬರೆದಿಟ್ಟು ಎಲ್ಲ ಲಾಕ್ ಮಾಡ್ಬಿಡಣ. ಎರಡು ದಿನ ಕೊಡಿ ಸಾಕು," ಎಂದಳು.

"ಈಗ ಸರಿಯಾಗೇ ಓಡ್ತಿದೆಯಲ್ಲ. ಮುಟ್ಟೋದು ಬೇಡ. ಮುಂದೆ ನೋಡಣ," ಎಂದೆ.

ಅವಳು ಅದನ್ನೇ ಇಮೇಲ್‌ನಲ್ಲೂ ಬರೆದಳು. ನಾನು ಉತ್ತರಿಸಲಿಲ್ಲ.

ಮುಂದಿನ ತಿಂಗಳು ಕೇಂದ್ರದ ಫೋನ್ ನಂಬರ್ ಬದಲಾಯಿತು. ಆ್ಯಪ್‌ನಲ್ಲಿ ಆ ಒಂದು ಸಾಲನ್ನು ಸುಮತಿ ತಿದ್ದಿಕೊಟ್ಟಳು. ಬಿಲ್ಡ್ ಮಾಡಿದವನು ನಾನು. ನನಗೆ ಆಗಷ್ಟೇ ಹೊಸ ಲ್ಯಾಪ್‌ಟಾಪ್ ಬಂದಿತ್ತು. ಹಳೆಯದರಲ್ಲಿ ಉಳಿದುಕೊಂಡಿದ್ದ ಲೈಬ್ರರಿಗಳು ಇದರಲ್ಲಿ ಇರಲಿಲ್ಲವಾದ್ದರಿಂದ ಎಲ್ಲವೂ ಹೊಸದಾಗಿ ಇಳಿದವು. ಹೊಸ ಲೈಬ್ರರಿ ಹೆಚ್ಚು ಕಟ್ಟುನಿಟ್ಟಿನದು. ಫೋನು ಕೂಗಿಸುವ ಎಚ್ಚರಿಕೆಯ ಕೋಡನ್ನು ಅದು ಬಳಕೆಯಲ್ಲಿಲ್ಲವೆಂದು ಎಣಿಸಿ ಕಿತ್ತುಹಾಕಿತು. ಒಂದು ಸಾಲಿನ ಬದಲಾವಣೆಗೆ ಏನು ಪರೀಕ್ಷೆ ಎಂದು ನಾನು ಆ್ಯಪ್ ತೆರೆದು ನಂಬರ್ ಮಾತ್ರ ನೋಡಿ ಬಿಡುಗಡೆ ಮಾಡಿದೆ.

ಅದೇ ವಾರ ಕೇಂದ್ರದ ನೀರು ಶುದ್ಧೀಕರಣ ಘಟಕದ ರಿಪೇರಿ ಬಂದು, ಗುರುವಾರ, ಶುಕ್ರವಾರ ಡಯಾಲಿಸಿಸ್ ನಿಲ್ಲಿಸಬೇಕಾಯಿತು. ಗುರುವಾರದ ರೋಗಿಗಳನ್ನು ಆ್ಯಪ್ ಮೂಲಕ ಬುಧವಾರಕ್ಕೆ ಕರೆದಿದ್ದರು. ಯಾರ ಫೋನೂ ಕೂಗಲಿಲ್ಲ. ಅವರಲ್ಲಿ ಮೇಗರವಳ್ಳಿಯ ಟೈಲರ್ ಗಣಪಯ್ಯ ಒಬ್ಬರು. ಎಂದಿನಂತೆ ಗುರುವಾರ ಬಂದರು. ಬಾಗಿಲು ಮುಚ್ಚಿತ್ತು. ಕಾವಲಿನವನು ಶನಿವಾರ ಬನ್ನಿ ಎಂದ. ಶುಕ್ರವಾರ ಬೆಳಿಗ್ಗೆ ಅವರಿಗೆ ಉಸಿರು ಕಟ್ಟಿತು.

ನಮ್ಮ ಸಹಾಯವಾಣಿಗೆ ಕರೆ ಮಾಡಿದ್ದು ಅವರ ಹೆಂಡತಿ ಸರೋಜಕ್ಕ. ಫೋನ್ ಎತ್ತಿದವನು ನಾನು.

"ಎಂತ ಆ್ಯಪ್ ಮಾರಾಯ್ರೆ ನಿಮ್ದು? ಮೊಬೈಲು ಮೇಜಿನ ಮೇಲೇ ಇತ್ತು, ಒಂದ್ಸಲನೂ ಕೂಗ್ಲಿಲ್ಲ. ಇವ್ರನ್ನ ಶಿವಮೊಗ್ಗಕ್ಕೆ ಕರ್ಕೊಂಡು ಹೋಗ್ತಿದೀವಿ. ಮಾತೇ ಆಡ್ತಿಲ್ಲ."

ಮಧ್ಯಾಹ್ನದೊಳಗೆ ಸುಮತಿ ಹಳೆಯ, ಹೊಸ ಬಿಲ್ಡ್‌ಗಳನ್ನು ಹೋಲಿಸಿ ಕಾರಣ ಹುಡುಕಿದಳು. ಸಂಜೆಯೊಳಗೆ ಸರಿಪಡಿಸಿದ ಆ್ಯಪ್ ಹೋಯಿತು. "ನಾನ್ ಹೇಳಿದ್ದೆ" ಎಂದು ಅವಳು ಒಮ್ಮೆಯೂ ಅನ್ನಲಿಲ್ಲ. ಗಣಪಯ್ಯ ನಾಲ್ಕು ದಿನ ವೆಂಟಿಲೇಟರ್‌ನಲ್ಲಿದ್ದು ಬದುಕಿದರು. ಆದರೆ ಹೊಲಿಗೆ ಯಂತ್ರ ತುಳಿಯುವ ಶಕ್ತಿ ಮರಳಲಿಲ್ಲ. ಅಂಗಡಿ ಮುಚ್ಚಿತು.

ಕೇಂದ್ರದವರು ವರದಿ ಕೇಳಿದರು. ನಮ್ಮ ಮಾಲೀಕರು ನನ್ನನ್ನು ಕೋಣೆಗೆ ಕರೆದು, "ಅವ್ರಿಗೆ ಒಂದು ಹೆಸರು ಬೇಕು. ಉಸ್ತುವಾರಿ ನಿಂದು, ನಿನ್ ಹೆಸರು ಕೊಟ್ರೆ ಕಂಪನಿನೇ ಹೋಗತ್ತೆ" ಎಂದರು.

ನಾನು ಬರೆದೆ: "ಈ ರಿಲೀಸ್‌ಗಾಗಿ ಸುಮತಿ ಅವರು ಕೋಡ್‌ನಲ್ಲಿ ಮಾಡಿದ ಬದಲಾವಣೆಯ ನಂತರ ಎಚ್ಚರಿಕೆಯ ವ್ಯವಸ್ಥೆ ನಿಂತಿದೆ." ಒಂದೊಂದು ಪದವೂ ನಿಜ. ಇಡೀ ವಾಕ್ಯ ಮಾತ್ರ ಸುಳ್ಳು. ಅವಳ ಇಮೇಲ್ ವಿಷಯ ನಾನು ಎತ್ತಲಿಲ್ಲ. ಅದೇ ವಾರ ಅವಳನ್ನು ಕೆಲಸದಿಂದ ತೆಗೆದರು. ಅವಳು ಹೊರಡುವಾಗ ನಾನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಎರಡು ವರ್ಷದ ಮೇಲೆ ನಾನು ಆ ಕಂಪನಿ ಬಿಟ್ಟೆ. ಆಗ ಧೈರ್ಯ ಬಂತು. ಅಂಥ ಧೈರ್ಯದ ಬೆಲೆ ಎಷ್ಟೆಂದು ನನಗೂ ಗೊತ್ತು. ಹೊಸನಗರದಲ್ಲಿ ಅರ್ಜಿ ತುಂಬಿಕೊಡುವ ಒಂದು ಆನ್‌ಲೈನ್ ಸೆಂಟರಿನಲ್ಲಿ ಸುಮತಿ ಕೆಲಸ ಮಾಡುತ್ತಿದ್ದಳು. ತಪ್ಪಾಯಿತು ಎಂದೆ. ಅವಳು ಎದುರಿದ್ದ ಗಿರಾಕಿಯ ಆಧಾರ್ ಕಾರ್ಡ್ ಸ್ಕ್ಯಾನ್ ಮಾಡಿ ಮುಗಿಸಿದಳು.

"ನಂಗ್ಯಾಕ್ ಹೇಳ್ತೀರಿ ಸರ್? ನಂಗೆ ಅವತ್ತೇ ಗೊತ್ತಿತ್ತು. ಸುಳ್ಳು ಬರೆದುಕೊಟ್ಟಿದ್ದು ಯಾರಿಗೆ, ಅವ್ರಿಗೆ ಹೋಗಿ ಹೇಳಿ."

ನಡೆದದ್ದನ್ನೆಲ್ಲ ಬರೆದುಕೊಂಡು ಮರುದಿನವೇ ತೀರ್ಥಹಳ್ಳಿಗೆ ಹೋದೆ. ಕೇಂದ್ರದ ಮ್ಯಾನೇಜರ್ ಪತ್ರವನ್ನು ಬಿಡಿಸಿ ಓದಲೂ ಇಲ್ಲ. "ಅದೆಲ್ಲ ಮುಗಿದ ಕತೆ ಬಿಡಿ ಸರ್," ಎಂದರು. ಹೊರಗೆ ಬೆಂಚಿನ ಮೇಲೆ ಗಣಪಯ್ಯ ಸರದಿಗಾಗಿ ಕಾಯುತ್ತಿದ್ದರು. ಪಕ್ಕದಲ್ಲಿ ಕೂತು ನಾನು ಯಾರೆಂದು ಹೇಳಿದೆ. ತಪ್ಪು ನನ್ನದು, ಸುಮತಿ ಮೊದಲೇ ಎಚ್ಚರಿಸಿದ್ದಳು ಎಂದೂ ಹೇಳಿದೆ. ಅವರಿಗೆ ಸಿಟ್ಟು ಬರಲಿಲ್ಲ.

"ಸುಮತಿ ಅಂತ ಯಾರೋ ಹೆಂಗಸು ಹಾಳ್ ಮಾಡಿದ್ದು ಅಂತ ಇಲ್ಲಿಯವ್ರು ಹೇಳಿದ್ರು," ಎಂದರು. "ಎರಡು ವರ್ಷ ಅವಳಿಗೆ ಹಿಡಿಶಾಪ ಹಾಕಿದೀನಲ್ಲ ಮಾರಾಯ್ರೆ. ಅದನ್ನ ಎಂತ ಮಾಡ್ಲಿ ಈಗ?"

ಒಳಗಿನಿಂದ ಅವರ ಹೆಸರು ಕರೆದರು. ಗೋಡೆ ಹಿಡಿದುಕೊಂಡು ಎದ್ದು ಹೋದರು.

ಈಗ ನಾನಿರುವ ಕಡೆ ಪ್ರತಿ ಪ್ಲಗಿನ್ನಿನ, ಅದು ಅವಲಂಬಿಸಿದ ಪ್ರತಿ ಲೈಬ್ರರಿಯ ವರ್ಶನ್ ಲಾಕ್ ಆಗಿರುತ್ತದೆ. ಏನಾದರೂ ಕೆಟ್ಟರೆ, ಆ ತೀರ್ಮಾನ ಯಾರದಾಗಿತ್ತು ಎಂಬುದೇ ವರದಿಯ ಮೊದಲ ಸಾಲು. ಚೆನ್ನಾಗಿ ಕಲಿತಿದ್ದೇನೆ ಎಂದು ಹೊಸ ಕಂಪನಿಯವರು ಮೆಚ್ಚುತ್ತಾರೆ. ಆ ಪಾಠಕ್ಕೆ ನಾನು ಏನನ್ನೂ ಕಳೆದುಕೊಳ್ಳಲಿಲ್ಲ, ಕಳೆದುಕೊಂಡವರು ಬೇರೆ.